ಪಿತ್ತಕ್ಕೆ ತುಪ್ಪ

ಆಕೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಸುವಿಗೆ ಜೋಳದ ಕಡ್ಡಿ ಕತ್ತರಿಸುವಾಗ ಯಾವತ್ತೋ ಮಚ್ಚು ಜಾರಿ ಹೋದ ಉಗುರು ಮತ್ತೆ ಬಂದಿರಲಿಲ್ಲ. ಆ ಬೋಳು ಬೆರಳಿನ ತುದಿ ಸದಾ ತುಪ್ಪ ಸವರಿದಂತೆ ಮಿರಮಿರ ಮಿಂಚುತ್ತಿತ್ತು. ಎಷ್ಟೋ ಸಲ ನಿಜವಾಗಿಯೂ ತುಪ್ಪ ಸವರಿರುತ್ತಿತ್ತು. ಆ ಬೆರಳಿನಿಂದಲೇ ಆಕೆ ನನ್ನ ಅಡುಗೆಮನೆಯ ಪಾತ್ರೆಗಳ ಮುಚ್ಚಳ ಎತ್ತುತ್ತಿದ್ದಳು. ಎತ್ತಿ, ಒಳಗೆ ಇಣುಕಿ, ಮುಖ ಹಿಂಡಿ, ಮುಚ್ಚಳವನ್ನು ಟಣ್ ಎಂದು ಬಿಡುತ್ತಿದ್ದಳು.

ಆಕೆ ನಮ್ಮ ಮನೆಯ ಓನರಮ್ಮ. ಎದುರಿಗೆ 'ನೀವು' ಎಂದೇ ಮಾತಾಡಿಸುತ್ತಿದ್ದೆ, ಆದರೆ ಬರೆಯಲು ಕೂತರೆ ಅಷ್ಟು ಮರ್ಯಾದೆ ಕೈಯಿಂದ ಹೊರಡುತ್ತಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆಕೆ ಬದುಕಿದ್ದಾಗಲೇ ಮುಖದೆದುರು ಆಡಿದ್ದೇನೆ. ಈಗ ಇದ್ದಕ್ಕಿದ್ದಂತೆ ಹೊಗಳಲು ಶುರುಮಾಡಿದರೆ ಆಕೆಗೇ ಅನುಮಾನ ಬಂದೀತು.

ನಾವು ಬಿನ್ನಿಪೇಟೆಯಿಂದ ಹೇರೋಹಳ್ಳಿಗೆ ಬಂದದ್ದು ನನ್ನ ಯಜಮಾನರಿಗೆ ಪೀಣ್ಯದ ಕಾರ್ಖಾನೆ ಹತ್ತಿರವಾಗಲಿ ಎಂದು. ಒಂದು ಮಳೆ ಬಿದ್ದರೆ ಸಾಕು, ಆಟೋದವರು ಮುಖ್ಯರಸ್ತೆಯಲ್ಲೇ ನಿಲ್ಲಿಸಿ, "ಇಲ್ಲಿಂದ ನಡ್ಕೊಂಡ್ ಹೋಗ್ಬಿಡಿ ಮೇಡಂ, ಒಳಗೆ ಗಾಡಿ ಹೋಗಲ್ಲ" ಎನ್ನುವಂಥ ಬೀದಿ. ನನ್ನಂಥ ನೆಟ್ಟಗೆ ನಡೆಯಲಾಗದವಳಿಗೆ ಹೇಳುವ ಮಾತೇ ಅದು? ಬೀದಿಯ ಕೊನೆಯ ಮನೆ ಓನರಮ್ಮನದು. ಕೆಳಗೆ ಮುಂಭಾಗದ ಒಂದು ಕೋಣೆ, ಅಡುಗೆಮನೆ ಆಕೆಗೆ. ಹಿಂಭಾಗದಲ್ಲಿ ಮಗ, ಸೊಸೆ. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಕೊಟ್ಟಿಗೆ, ಅದರಲ್ಲಿ ಒಂದು ಹಸು. ಮೇಲೆ, ಹದಿನೇಳು ಮೆಟ್ಟಿಲು ಹತ್ತಿದರೆ, ಬಾಡಿಗೆಗೆ ನಾವು.

ಬಂದ ಮೊದಲ ವಾರವೇ ಜಗಳ ಆಯಿತು. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಆಕೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ, ಬಾಗಿಲು ನೂಕಿ, ನೇರ ಒಲೆಯ ಹತ್ತಿರ ಹೋಗುವಳು. ಮೂರನೆಯ ದಿನ ನಾನು, "ಅಮ್ಮ, ಒಳಗೆ ಬರೋ ಮುಂಚೆ ಒಂದ್ಸಲ ಬಾಗ್ಲು ತಟ್ಟಿ" ಎಂದೆ.

ಆಕೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಮ್ ಹೊಲಕ್ಕೆ ನಾನ್ ಬರಕ್ಕೆ ಬಾಗ್ಲು ತಟ್ಬೇಕಾ? ನೀನ್ ಮಂಚ ಹಾಕಿರೋ ಜಾಗದಾಗೆ ನಾವು ಅವರೆಕಾಯಿ ಬಿಡಿಸ್ತಿದ್ವಿ ಕಣವ್ವ."

"ನಿಮ್ಮ ಹೊಲ ಕೆಳಗಿತ್ತು ಅಮ್ಮ. ಇದು ಫಸ್ಟ್ ಫ್ಲೋರು."

"ಹೊಲದ ಮ್ಯಾಲಿರೋ ಆಕಾಸನೂ ನಮ್ದೇಯ" ಎಂದು ಆಕೆ ಸಾರಿನ ಪಾತ್ರೆಯ ಮುಚ್ಚಳ ಎತ್ತಿದಳು.

ನನ್ನ ಕಾಯಿಲೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನಿಂತು ನರಗಳ ಮೇಲಿನ ಹೊದಿಕೆಯನ್ನು ತಿನ್ನುವ ಕಾಯಿಲೆ. ಒಂದು ದಿನ ಕಣ್ಣು ಮಬ್ಬಾಗುತ್ತದೆ, ಒಂದು ದಿನ ಅಂಗಾಲಿಗೆ ನೆಲ ಸಿಕ್ಕುವುದಿಲ್ಲ. ಬೆಳಿಗ್ಗೆ ನೆಟ್ಟಗೆ ನಡೆದವಳು ಮಧ್ಯಾಹ್ನದ ಬಿಸಿಲಿಗೆ ಗೋಡೆ ಹಿಡಿಯುತ್ತೇನೆ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಬೋರ್ಡಿನ ಮುಂದೆ ನಿಲ್ಲಲಾಗದೆ ಬಿಟ್ಟೆ. ಜ್ವರ ಬಂತೋ, ಕಾಲು ಹೋಯಿತೆಂದೇ ಅರ್ಥ. ಹಿಂದೆ ಒಂದು ಜ್ವರ ಬಂದು ಹೋದಾಗ ಎಡಗಾಲು ಪೂರ್ತಿ ವಾಪಸ್ಸು ಬರಲೇ ಇಲ್ಲ, ಇವತ್ತಿಗೂ ಎಳೆಯುತ್ತದೆ. ಹಾಗಾಗಿ ನನ್ನ ಬದುಕಿನ ಗುರಿಯೆಲ್ಲ ಒಂದೇ ಆಗಿತ್ತು: ಜ್ವರ ಬರಕೂಡದು.

ಇದನ್ನು ಓನರಮ್ಮನಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. "ಯಾಕವ್ವ ಕುಡ್ದೋರಂಗೆ ನಡೀತೀಯ?" ಎಂದು ಕೇಳಿದಾಗ, "ನಂಗೆ ಎಂ.ಎಸ್. ಇದೆ" ಎಂದಷ್ಟೇ ಹೇಳಿದೆ. ಎರಡು ದಿನ ಕಳೆಯುವಷ್ಟರಲ್ಲಿ ಬೀದಿಯ ಕೊನೆಯ ಅಂಗಡಿಯಾಕೆ ತನ್ನ ರಕ್ತಪರೀಕ್ಷೆಯ ಚೀಟಿ ಹಿಡಿದು ಮೇಲೆ ಬಂದಳು. "ಮೇಡಂ, ನೀವು ಎಂ.ಎಸ್. ಮಾಡಿದೀರಂತೆ, ಸ್ವಲ್ಪ ನೋಡಿ." ಓನರಮ್ಮ ಬೀದಿಗೆಲ್ಲ ನನ್ನನ್ನು ದೊಡ್ಡ ಡಾಕ್ಟರು ಮಾಡಿಬಿಟ್ಟಿದ್ದಳು. ಅದು ಓದು ಅಲ್ಲ, ರೋಗ ಎಂದು ತಿಳಿದ ಮೇಲೆ ನನ್ನ ಮೇಲೆ ಆಕೆಗೆ ಇದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. "ಅದ್ಯಾವ ರೋಗಾನೋ, ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ನಮ್ ಕಾಲದಾಗೆ ಇದಕ್ಕೆ ಸೋಂಬೇರಿತನ ಅಂತಿದ್ರು" ಎಂದು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ, ನನಗೆ ಕೇಳುವಷ್ಟು ಜೋರಾಗಿ, ಹೇಳಿದಳು.

ಒಂದು ವರ್ಷವಾದ ಮೇಲೆ ನನಗೆ ಪಕ್ಕೆಲುಬಿನ ಸುತ್ತ ಹಗ್ಗ ಕಟ್ಟಿ ಬಿಗಿದಂಥ ನೋವು ಶುರುವಾಯಿತು. ಈ ಕಾಯಿಲೆಯವರಿಗೆ ಅಂಥ ಬಿಗಿತ ಬರುವುದುಂಟು. ನರದ ಡಾಕ್ಟರೂ ಹಾಗೇ ಎಂದರು, ಮಾತ್ರೆ ಹೆಚ್ಚು ಮಾಡಿದರು. ತಿಂಗಳುಗಟ್ಟಲೆ ಆ ಮಾತ್ರೆ ನುಂಗಿ ತೂಕಡಿಸಿದೆ. ನೋವು ಹೋಗಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಮಂಚದ ಅಂಚಿನಲ್ಲಿ ಬಾಗಿ ಕೂತಿದ್ದೆ. ಆಕೆ ಎಂದಿನಂತೆ ನುಗ್ಗಿದಳು, ನನ್ನನ್ನು ನೋಡಿದಳು, ಒಲೆಯ ಕಡೆ ಹೋಗದೆ ನಿಂತಳು.

"ಎಲ್ಲಿ ನೋವು?"

ತೋರಿಸಿದೆ. ಆಕೆ ಆ ಬೋಳು ಹೆಬ್ಬೆರಳನ್ನು ಬಲಪಕ್ಕೆಯ ಕೆಳಗೆ ಒತ್ತಿದಳು. ನಾನು ಕಿರುಚಿಕೊಂಡೆ.

"ಇದು ನರ ಅಲ್ಲ ಕಣೇ, ಪಿತ್ತ. ಉಂಡ್ಮೇಲೆ ಬತ್ತೈತೆ, ನೋಡ್ಕೊ. ಹೋಳಿಗೆ ಉಂಡಿದ್ ದಿನ ಹೆಚ್ಚು ಬಂತಾ ಇಲ್ವಾ?"

ಬಂದಿತ್ತು. ಯುಗಾದಿಯ ಹೋಳಿಗೆ ತಿಂದ ದಿನ ಬೆವರು ಕಿತ್ತು ಬಂದಿತ್ತು. ಆದರೆ ಹೌದೆನ್ನಲು ಮನಸ್ಸಾಗಲಿಲ್ಲ. ಎಲ್ಲದಕ್ಕೂ ಆಕೆಯದು ಪಿತ್ತವೇ. ತಲೆ ಸುತ್ತಿದರೆ ಪಿತ್ತ, ವಾಂತಿಯಾದರೆ ಪಿತ್ತ, ಸೊಸೆ ಎದುರುತ್ತರ ಕೊಟ್ಟರೆ ಅವಳಿಗೂ ಪಿತ್ತ. "ಹೌದಮ್ಮ, ನನ್ನ ಪಿತ್ತ ನೆತ್ತಿಗೇರೋ ಮುಂಚೆ ಕೆಳಗೆ ಹೋಗಿ" ಎಂದೆ.

ಆದರೂ ಯಜಮಾನರ ಒತ್ತಾಯಕ್ಕೆ ಹೊಟ್ಟೆಯ ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ಮೂರು ಕಲ್ಲು. ಆ ಚೀಟಿಯನ್ನು ಆಕೆಗೆ ತೋರಿಸಬಾರದೆಂದು ಎಷ್ಟು ಬೇಡಿಕೊಂಡರೂ ಯಜಮಾನರು ಗೇಟಿನಲ್ಲೇ ಒದರಿಬಿಟ್ಟರು. ಆಕೆ ಬೀದಿಯ ಎರಡೂ ಕಡೆಗೆ ಕೇಳುವಂತೆ, "ನಾನ್ ಹೇಳ್ನಿಲ್ವಾ? ನಾನ್ ಹೇಳ್ನಿಲ್ವಾ?" ಎಂದು ಕೂಗಿದಳು. ಅದು ಆಕೆಯ ಮಂತ್ರ. ಮಳೆ ಬಂದರೆ, ಟ್ಯಾಂಕರಿನ ನೀರು ಬರದಿದ್ದರೆ, ಯಾರಾದರೂ ಸತ್ತರೆ, ಎಲ್ಲದಕ್ಕೂ ಅದೇ: ನಾನ್ ಹೇಳ್ನಿಲ್ವಾ? ಹೇಳಿರುತ್ತಿದ್ದಳೋ ಇಲ್ಲವೋ ದೇವರಿಗೇ ಗೊತ್ತು. ಈ ಒಂದು ಸಲ ಮಾತ್ರ ಹೇಳಿದ್ದಳು, ಅದೇ ನನಗೆ ಸಹಿಸಲಾಗದ್ದು. ದೊಡ್ಡ ದೊಡ್ಡ ಮಷಿನ್ನುಗಳ ಒಳಗೆ ಮಲಗಿ ಬಂದವಳ ನೋವನ್ನು ಉಗುರಿಲ್ಲದ ಒಂದು ಬೆರಳು ಕಂಡುಹಿಡಿದಿತ್ತು.

ಅಲ್ಲಿಂದ ನನ್ನ ಪಥ್ಯದ ಕತೆ. ನರದ ಡಾಕ್ಟರು ಮೊದಲಿಂದ ಹೇಳುತ್ತಿದ್ದದ್ದು, ಬಾದಾಮಿ ತಿನ್ನಿ, ಮೀನು ತಿನ್ನಿ, ಮೊಟ್ಟೆ ತಿನ್ನಿ, ಬಿಸಿಲಲ್ಲಿ ಕೂರಿ. ಹೊಟ್ಟೆಯ ಡಾಕ್ಟರು, ಬಾದಾಮಿ ಬೇಡ, ಮೊಟ್ಟೆಯ ಹಳದಿ ಬೇಡ, ಎಣ್ಣೆ, ತುಪ್ಪ, ತೆಂಗಿನಕಾಯಿ ಒಂದೂ ಬೇಡ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಆಯಿತು. ಆಪರೇಷನ್ ಮಾಡಿ ಪಿತ್ತಕೋಶ ತೆಗೆಸುವುದೇ ದಾರಿ, ಆದರೆ ಕೂಡಲೇ ಆಗುವಂತಿರಲಿಲ್ಲ. ನನ್ನ ಕಾಯಿಲೆಗೆ ಆಗಷ್ಟೇ ಡ್ರಿಪ್ಪಿನಲ್ಲಿ ಒಂದು ಔಷಧಿ ಕೊಟ್ಟಿದ್ದರು, ಅದು ಮೈಯ ಕಾವಲನ್ನೇ ಇಳಿಸುವಂಥದ್ದು. ಸೋಂಕು ತಗುಲಿದರೆ ಕಷ್ಟ. "ಮೂರು ತಿಂಗಳು ಹೋಗ್ಲಿ. ಅಲ್ಲೀವರೆಗೂ ಆ ಚೀಲಾನ ಕೆಣಕಬೇಡಿ. ಕೊಬ್ಬು ಹೊಟ್ಟೆಗೆ ಹೋದ್ರೆ ಅದು ಹಿಂಡುತ್ತೆ, ಹಿಂಡಿದ್ರೆ ಕಲ್ಲು ಸಿಕ್ಕಾಕೊಳ್ಳುತ್ತೆ, ಸಿಕ್ಕಾಕೊಂಡ್ರೆ ಜ್ವರ" ಎಂದರು ಡಾಕ್ಟರು. ಜ್ವರ ಎಂಬ ಮಾತು ಕೇಳಿ ನಾನು ಕೂತಲ್ಲೇ ನನ್ನ ಮಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಎರಡು ತಿಂಗಳು ಋಷಿಯಂತೆ ಬದುಕಿದೆ. ಒಗ್ಗರಣೆ ಇಲ್ಲದ ಬೇಳೆ, ಬೇಯಿಸಿದ ಸೋರೆಕಾಯಿ, ಕೆನೆ ತೆಗೆದ ಮಜ್ಜಿಗೆ. ಯಜಮಾನರೂ ಜೊತೆಗೆ ಅದನ್ನೇ ತಿಂದು ಸೊರಗಿದರು. ಓನರಮ್ಮ ದಿನಾ ಬಂದು ಮುಚ್ಚಳ ಎತ್ತಿ, "ಇದನ್ನ ನಮ್ ಹಸೂಗ್ ಇಟ್ರೆ ಒದೀತೈತೆ" ಎಂದು ಹೋಗುತ್ತಿದ್ದಳು. ಅಷ್ಟರಲ್ಲಿ ನಾನೊಂದು ದಿನ ಕುಕ್ಕರ್ ಇಳಿಸುವಾಗ ಎಡಗಾಲು ಕೈಕೊಟ್ಟು ಬಿದ್ದೆ. ಮೊಣಕೈ ಸುಟ್ಟಿತು. ಯಜಮಾನರು ಗಾಬರಿಯಾಗಿ, ನನ್ನನ್ನು ಕೇಳದೆ, ಕೆಳಗೆ ಹೋಗಿ ಏರ್ಪಾಡು ಮಾಡಿ ಬಂದರು: ಇನ್ನೊಂದು ತಿಂಗಳು ಮಧ್ಯಾಹ್ನದ ಊಟ ಓನರಮ್ಮನ ಮನೆಯಿಂದ.

"ನಂಗೆ ಉಪವಾಸ ಇರೋದು ಗೊತ್ತು" ಎಂದೆ ಅವರಿಗೆ.

"ಅವರು ದೊಡ್ಡೋರು ಕಣೇ. ನಾನೆಲ್ಲಾ ಬಿಡ್ಸಿ ಹೇಳಿದೀನಿ. ಒಂದು ತೊಟ್ಟು ಎಣ್ಣೆ ಹಾಕಲ್ಲ ಅಂತ ಹಸೂ ಮೇಲೆ ಕೈ ಇಟ್ಟು ಹೇಳಿದಾರೆ."

ಎಣ್ಣೆ ಹಾಕಲ್ಲ ಎಂದಿದ್ದಳು. ಅದನ್ನು ನಾವು ಆಗಲೇ ಗಮನಿಸಬೇಕಿತ್ತು.

ಊಟ ಬರತೊಡಗಿತು. ರಾಗಿ ಮುದ್ದೆ, ಮೇಲೆ ತಿಳಿಯಾದ ಸೊಪ್ಪಿನ ಸಾರು. ಸಾರಿನಲ್ಲಿ ಎಣ್ಣೆಯ ಒಂದು ಕಣ್ಣೂ ತೇಲುತ್ತಿರಲಿಲ್ಲ. ಆಕೆ ಎದುರಿಗೇ ಕುಕ್ಕರಗಾಲಲ್ಲಿ ಕೂತು ನನಗೆ ಉಣ್ಣಿಸುತ್ತಿದ್ದಳು. ಬಿನ್ನಿಪೇಟೆಯ ಅನ್ನದ ಮನೆಯಲ್ಲಿ ಬೆಳೆದವಳು ನಾನು, ಮುದ್ದೆಯನ್ನು ಬಾಯಲ್ಲಿ ಆಡಿಸುತ್ತಿದ್ದರೆ ಬೈಯುವಳು. "ಅಗೀಬ್ಯಾಡ. ಮುದ್ದೆ ನುಂಗೋದು, ಅಗಿಯೋದಲ್ಲ. ಸಾರಲ್ಲಿ ಅದ್ದು, ನುಂಗು." ಅದ್ದಿದೆ, ನುಂಗಿದೆ. ನಾಲಿಗೆಗೆ ನಿಲ್ಲದೆ ಇಳಿಯುತ್ತಿತ್ತು. ಮುದ್ದೆ ಸ್ವಲ್ಪ ಹೊಳೆಯುತ್ತಿರುವುದು ನೋಡಿ ಒಂದು ದಿನ ಕೇಳಿದೆ. "ಹೊಸ ರಾಗಿ ಕಣವ್ವ, ಹೊಳೀತೈತೆ" ಎಂದಳು. ರಾಗಿ ಹೊಸದಾದರೆ ಹೊಳೆಯುತ್ತದೋ ಇಲ್ಲವೋ ನನಗೇನು ಗೊತ್ತು. ಸತ್ಯ ಹೇಳಬೇಕೆಂದರೆ, ಎರಡು ತಿಂಗಳ ಸೋರೆಕಾಯಿಯ ನಂತರ ಆ ಊಟ ನನಗೆ ಅಮೃತವಾಗಿತ್ತು. ಆಕೆ ಬರುವ ಹೊತ್ತಿಗೆ ತಟ್ಟೆ ತೊಳೆದಿಟ್ಟು ಕಾಯುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಊಟವಾಗಿ ಒಂದು ಗಂಟೆಯಲ್ಲಿ ನೋವು ಬಂತು. ಬಲಪಕ್ಕೆಯಿಂದ ಹೊರಟು ಬೆನ್ನು ದಾಟಿ ಭುಜದವರೆಗೆ. ಈ ಸಲ ಬಂದದ್ದು ಹೋಗಲಿಲ್ಲ. ಸಂಜೆಗೆ ಮೈ ನಡುಗಿತು. ಯಜಮಾನರಿಗೆ ಫೋನ್ ಮಾಡಿ ಕಾರು ತರಿಸುವಷ್ಟರಲ್ಲಿ ಮೈ ಸುಡುತ್ತಿತ್ತು. ಹದಿನೇಳು ಮೆಟ್ಟಿಲನ್ನು ಕುರ್ಚಿಯಲ್ಲಿ ಇಳಿಸಿದರು. ಓನರಮ್ಮ ಕಾರಿನ ಮುಂದಿನ ಸೀಟಿನಲ್ಲಿ, ಯಾರೂ ಕರೆಯದೆ, ಕೂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಯಜಮಾನರನ್ನು ಕೇಳಿದರು, "ಏನು ಊಟ ಮಾಡಿದ್ರು?"

"ಮುದ್ದೆ, ಸೊಪ್ಪಿನ ಸಾರು. ಎಣ್ಣೆ ಇಲ್ಲ ಸಾರ್, ಎರಡೂವರೆ ತಿಂಗಳಿಂದ ಒಂದು ತೊಟ್ಟಿಲ್ಲ."

"ಎಣ್ಣೆ ಇಲ್ಲ ಡಾಕ್ಟ್ರೇ," ಎಂದಳು ಓನರಮ್ಮ ಮುಂದೆ ಬಂದು. ಮುಖ ಅರಳಿತ್ತು, ಬಹುಮಾನಕ್ಕೆ ಕೈಚಾಚಿದವಳ ಹಾಗೆ. "ತುಪ್ಪ ಹಾಕಿದ್ದೆ. ನಮ್ದೇ ಹಸೂಂದು. ಮುದ್ದೆ ತಿರುವುವಾಗ್ಲೇ ಹಾಕ್ಬಿಡ್ತಿದ್ದೆ, ಇವ್ಳಿಗೆ ಗೊತ್ತಾಗ್ದಂಗೆ. ದಿನಾ ಒಂದೊಂದ್ ಚಮಚ ಜಾಸ್ತಿ ಮಾಡ್ಕೊಂಡ್ ಬಂದೆ. ಪಿತ್ತ ಅಲ್ವಾ? ಗಟ್ಟಿಯಾಗಿ ಕಲ್ಲಾಗೈತೆ. ಪಿತ್ತ ಇಳ್ಸಕ್ಕೆ, ಗಟ್ಟಿ ಇರೋದ್ನ ಕರಗ್ಸಕ್ಕೆ ತುಪ್ಪ ಬಿಟ್ರೆ ಇನ್ನೇನೈತೆ?"

ನಾನು ಆ ನೋವಿನಲ್ಲೂ ಎದ್ದು ಕೂತೆ. ಏನೆಂದೆನೋ ಪೂರ್ತಿ ನೆನಪಿಲ್ಲ. "ನನ್ನ ಕಾಲು ತಿಂದ್ರಿ ನೀವು" ಎಂದದ್ದು ನೆನಪಿದೆ. "ನಿಮ್ಮ ಹೊಲದಲ್ಲಿ ಮಲಗಿದೀನಿ ಅಂತ ನನ್ನ ಹೊಟ್ಟೆನೂ ನಿಮ್ದೇನಾ?" ಎಂದದ್ದು ನೆನಪಿದೆ. ನರ್ಸು ಆಕೆಯನ್ನು ಹೊರಗೆ ಕಳಿಸಿದಳು.

ಆಮೇಲೆ ಡಾಕ್ಟರು ನ್ಯಾಯದ ಮಾತು ಹೇಳಿದರು. "ತುಪ್ಪದಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲಮ್ಮ. ಕಲ್ಲಿತ್ತು, ಯಾವತ್ತು ಬೇಕಾದ್ರೂ ಸಿಕ್ಕಾಕೊಳ್ಳೋದು. ತುಪ್ಪ ಅದಕ್ಕೆ ದಾರಿ ಮಾಡಿಕೊಟ್ಟಿರಬಹುದು, ಅಷ್ಟೆ." ನ್ಯಾಯ ಅವರಲ್ಲೇ ಇರಲಿ. ಬೆಂಕಿಗೆ ತುಪ್ಪ ಸುರಿಯುವುದು ಎಂದು ಗಾದೆಯ ಮಾತಿನಲ್ಲಿ ಕೇಳಿದ್ದೆ, ನನಗೆ ಅದನ್ನು ದಿನಕ್ಕೊಂದು ಚಮಚ ಜಾಸ್ತಿಯಂತೆ ಸುರಿದಿದ್ದರು.

ಮೂರು ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನವೇ ಕಾಲುಗಳು ಹೋದವು. ಮೊದಲು ಎಡಗಾಲು, ಸಂಜೆಗೆ ಬಲಗಾಲು. ಹೊದಿಕೆಯ ಕೆಳಗೆ ಅವು ಬೇರೆ ಯಾರದ್ದೋ ಎಂಬಂತೆ ಬಿದ್ದಿದ್ದವು. ಕಾಯುವ ಮಾತೇ ಇಲ್ಲದೆ ಆಪರೇಷನ್ ಮಾಡಿದರು. ಪಿತ್ತಕೋಶದ ಜೊತೆ ಮೂರು ಕಲ್ಲನ್ನೂ ತೆಗೆದು ಒಂದು ಚಿಕ್ಕ ಸೀಸೆಯಲ್ಲಿ ಹಾಕಿ ಕೊಟ್ಟರು. ಕರಿಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡವು. ಇಷ್ಟಕ್ಕಾಗಿ ಇಷ್ಟೆಲ್ಲ ಎಂದು ನಾನು ಅವನ್ನು ತಲೆಯ ಹತ್ತಿರದ ಮೇಜಿನ ಮೇಲಿಟ್ಟುಕೊಂಡು ದಿಟ್ಟಿಸುತ್ತಿದ್ದೆ. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡಿದರೆ ಸೀಸೆ ಇಲ್ಲ. ನಾನು ಮಲಗಿದ್ದಾಗ ಓನರಮ್ಮ ಬಂದು ಹೋದಳೆಂದು ಪಕ್ಕದ ಹಾಸಿಗೆಯವರು ಹೇಳಿದರು. ಯಜಮಾನರು ಕೇಳಿದ್ದಕ್ಕೆ, "ಆ ಪೀಡೆ ಯಾಕ್ ಇಟ್ಕೋಬೇಕು? ಮೋರಿಗಾಕ್ದೆ" ಎಂದಳಂತೆ. ನನ್ನ ಹೊಟ್ಟೆಯಿಂದ ಬಂದದ್ದನ್ನು ಇಟ್ಟುಕೊಳ್ಳುವ ಹಕ್ಕೂ ನನಗಿರಲಿಲ್ಲ.

ಆಸ್ಪತ್ರೆಯಲ್ಲೇ ತೀರ್ಮಾನ ಮಾಡಿದೆ, ಆ ಮನೆಗೆ ಇನ್ನು ಕಾಲಿಡುವುದಿಲ್ಲ. ಇಡಲು ಕಾಲೂ ಇರಲಿಲ್ಲ. ಯಜಮಾನರು ಕೆಂಗೇರಿ ಕಡೆ ನೆಲಮಹಡಿಯ ಮನೆ ಹುಡುಕಲು ಶುರುಮಾಡಿದರು. ಸಿಗುವ ಮುಂಚೆಯೇ ಆಸ್ಪತ್ರೆಯಿಂದ ಕಳಿಸಿದ್ದರಿಂದ ಹೇರೋಹಳ್ಳಿಗೇ ಬರಬೇಕಾಯಿತು. ಕಾರಿನಿಂದ ಗಾಲಿಕುರ್ಚಿಗೆ ಇಳಿದೆ. ಮೆಟ್ಟಿಲ ಕಡೆ ತಿರುಗಿದ ಯಜಮಾನರನ್ನು ಓನರಮ್ಮನ ಸೊಸೆ ತಡೆದಳು. "ಅಣ್ಣ, ಮೇಲಲ್ಲ, ಇಲ್ಲೇ."

ಮುಂಭಾಗದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ನನ್ನ ಮಂಚ, ನನ್ನ ಪಾತ್ರೆ, ನನ್ನ ದೇವರ ಪಟ. ಹೊಸ್ತಿಲನ್ನು ಕಿತ್ತು ಸಿಮೆಂಟಿನ ಇಳಿಜಾರು ಮಾಡಿಸಿದ್ದರು, ಅದಿನ್ನೂ ಹಸಿ ಹಸಿಯಾಗಿತ್ತು. ಓನರಮ್ಮ ಕೊಟ್ಟಿಗೆಯ ಹತ್ತಿರ ನಿಂತು ಸಗಣಿ ಬಳಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

"ಇದೇನಮ್ಮ ಇದು?" ಎಂದರು ಯಜಮಾನರು.

"ನಾನ್ ಮ್ಯಾಲಿರ್ತೀನಿ. ಅವ್ಳು ಕೆಳಗಿರ್ಲಿ."

"ನಾವು ಬೇರೆ ಮನೆ ನೋಡ್ತಾ ಇದೀವಿ" ಎಂದೆ ನಾನು.

"ನೋಡ್ಕೊ. ಸಿಗೋಗಂಟ ಇಲ್ಲಿರು."

ತಪ್ಪಾಯಿತು ಎಂಬ ಒಂದು ಮಾತು ಆಕೆಯ ಬಾಯಿಂದ ಬರಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಮಂಡಿನೋವಿನ ಮುದುಕಿ ದಿನಾ ಹದಿನೇಳು ಮೆಟ್ಟಿಲು ಹತ್ತಿ ಇಳಿಯತೊಡಗಿದಳು, ಹಸುವಿಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಳಗಿನಿಂದ ನಾನು ಎಣಿಸುತ್ತಿದ್ದೆ. ಎಂಟನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವಳು. ಅಯ್ಯೋ ಪಾಪ ಅನ್ನಿಸಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಹತ್ತಲಿ ಅನ್ನಿಸಿತು. ನಾನು ಎರಡು ವರ್ಷ ಹತ್ತಿದ್ದೆ.

ಒಂದು ಮಾತ್ರ ಬದಲಾಯಿತು. ಹತ್ತು ಗಂಟೆಗೆ ಆಕೆ ಬರುವುದು ನಿಲ್ಲಲಿಲ್ಲ, ಆದರೆ ಬಾಗಿಲು ತಟ್ಟತೊಡಗಿದಳು. ತನ್ನ ಸ್ವಂತ ಕೋಣೆಯ ಬಾಗಿಲನ್ನು, ಮನೆ ಕಟ್ಟಿಸಿದಂದಿನಿಂದ ತಾನೇ ಬೀಗ ಹಾಕಿ ತೆಗೆದ ಬಾಗಿಲನ್ನು, ಬೆರಳ ಗೆಣ್ಣಿನಿಂದ ಎರಡು ಸಲ. ನಾನು ಎಷ್ಟೋ ಸಲ ಬೇಕೆಂದೇ ತಡ ಮಾಡಿದೆ. ಹೊರಗೆ ಆಕೆಯ ಏದುಸಿರು ಕೇಳುತ್ತಿತ್ತು. ಮತ್ತೆ ತಟ್ಟುತ್ತಿರಲಿಲ್ಲ, ಕಾಯುತ್ತಿದ್ದಳು. ತೆಗೆದರೆ ಒಳಗೆ ಬಂದು ನೆಲದಲ್ಲಿ ಕೂತು, ಒಲೆಯ ಕಡೆ ನೋಡದಿರಲು ಬಹಳ ಕಷ್ಟಪಡುತ್ತಾ, "ಕಾಲು ಎಂಗೈತೆ?" ಎಂದು ಕೇಳುವಳು. ದಿನಾ ಅದೇ ಪ್ರಶ್ನೆ.

"ಇದೆ" ಎನ್ನುತ್ತಿದ್ದೆ.

ಬಲಗಾಲು ಎರಡು ತಿಂಗಳಿಗೆ ಬಂತು. ಎಡಗಾಲು ಅರ್ಧ ಬಂತು, ಉಳಿದರ್ಧ ಬರಲಿಲ್ಲ. ವಾಕರ್ ಹಿಡಿದು ಕೋಣೆಯಿಂದ ಇಳಿಜಾರಿನವರೆಗೆ, ಅಲ್ಲಿಂದ ಗೇಟಿನವರೆಗೆ ನಡೆದೆ. ಮೊದಲ ಸಲ ಗೇಟು ಮುಟ್ಟಿದ ದಿನ ಕೊಟ್ಟಿಗೆಯಿಂದ ಆಕೆ ನೋಡುತ್ತಿದ್ದಳು. ನಾನು ಬೇಕೆಂದೇ ಆಕೆಯ ಕಡೆ ನೋಡಲಿಲ್ಲ. ಕೆಂಗೇರಿಯಲ್ಲಿ ಮನೆ ಸಿಕ್ಕಿತ್ತು, ಹೊಸ್ತಿಲು ಎತ್ತರ ಎಂದೆ. ಇನ್ನೊಂದು ಸಿಕ್ಕಿತು, ನೀರಿಲ್ಲ ಎಂದೆ. ಯಜಮಾನರು ಹುಡುಕುವುದನ್ನು ಬಿಟ್ಟರು, ಬಿಟ್ಟೆವೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಎರಡು ವರ್ಷ ಆಕೆ ಮೇಲೆ, ನಾನು ಕೆಳಗೆ.

ಒಂದು ಗುರುವಾರ ಹತ್ತು ಗಂಟೆಗೆ ಬಾಗಿಲು ಸದ್ದು ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಹಸು ಬೆಳಿಗ್ಗೆಯಿಂದ ಕೂಗುತ್ತಲೇ ಇತ್ತು. ಸೊಸೆಯನ್ನು ಕೂಗಿ, "ಮೇಲೆ ನೋಡಮ್ಮ" ಎಂದೆ. ನಾನೇ ಹೋಗಿ ನೋಡುವಂತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ವಾಕರ್ ಹಿಡಿದು ನಿಂತು ಕೇಳಿಸಿಕೊಂಡೆ. ಸೊಸೆ ಓಡಿ ಹತ್ತಿದಳು, ಎಂಟನೆಯ ಮೆಟ್ಟಿಲಿನಲ್ಲಿ ನಿಲ್ಲಲಿಲ್ಲ, ಆಮೇಲೆ ಮೇಲಿನಿಂದ ಅವಳ ಕೂಗು ಬಂತು. ಮಲಗಿದಲ್ಲೇ ಹೋಗಿದ್ದಳು. ಕೆಳಗೆ ತಂದು ನನ್ನ ಬಾಗಿಲ ಮುಂದಿನ ಜಗಲಿಯಲ್ಲೇ ಮಲಗಿಸಿದರು, ಬೇರೆ ಜಾಗವಿರಲಿಲ್ಲ. ಆ ಹೆಬ್ಬೆರಳು ಸೆರಗಿನ ಹೊರಗೆ ಚಾಚಿತ್ತು. ನಾನು ಅಳಲಿಲ್ಲ.

ಹನ್ನೊಂದು ದಿನ ಕಳೆದ ಮೇಲೆ ಸೊಸೆ ಮೇಲಿನ ಕೋಣೆ ಗುಡಿಸಿ, ಒಂದು ಸ್ಟೀಲಿನ ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಅಕ್ಕ, ಇದು ಅತ್ತೆಯ ದೇವರ ಗೂಡಿನ ಹಿಂದೆ ಇತ್ತು. ತುಪ್ಪದಲ್ಲಿ ಮೆಣಸು ಹಾಕಿದಾರೆ. ಯಾವುದೋ ಔಷಧಿ ಅನ್ಸುತ್ತೆ. ಎರಡು ವರ್ಷದಿಂದ ನೋಡ್ತಿದೀನಿ, ತಿಂಗಳಿಗೊಂದ್ಸಲ ಹಳೇ ತುಪ್ಪ ಚೆಲ್ಲಿ, ಹೊಸ ತುಪ್ಪ ಕಾಯ್ಸಿ ಹಾಕೋರು. ಏನು ಅಂತ ಕೇಳಿದ್ರೆ ಬೈಯೋರು. ಎಸೆದ್ಬಿಡ್ಲಾ?"

ಮುಚ್ಚಳ ತೆಗೆದೆ. ತುಪ್ಪ ಹಳತಾಗಿರಲಿಲ್ಲ, ಘಮ್ಮೆನ್ನುತ್ತಿತ್ತು. ಬೆರಳು ಹಾಕಿ ಒಂದನ್ನು ತೆಗೆದೆ, ಇನ್ನೊಂದನ್ನು ತೆಗೆದೆ, ಮೂರನೆಯದನ್ನು ತೆಗೆದೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಆಸ್ಪತ್ರೆಯ ಮೇಜಿನ ಮೇಲೆ ನಾನು ದಿನಗಟ್ಟಲೆ ದಿಟ್ಟಿಸಿದ್ದ ಕಲ್ಲುಗಳೇ. ಒಂದು ಕೂದಲೆಳೆಯಷ್ಟೂ ಕರಗಿರಲಿಲ್ಲ.

ಎರಡು ವರ್ಷ, ತಿಂಗಳಿಗೊಂದು ಸಲ ನೋಡಿದ್ದಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸಲು ನೋಡಿದಳೋ, ತಾನು ಮಾಡಿದ್ದೇನೆಂದು ತಿಳಿಯಲು ನೋಡಿದಳೋ, ನನಗೆ ಗೊತ್ತಿಲ್ಲ. ನೋಡಿದ ಮೇಲೆ ಇಳಿದು ಬಂದು, ನನ್ನ ಬಾಗಿಲು ತಟ್ಟಿ, ಕಾಲು ಹೇಗಿದೆ ಎಂದು ಕೇಳಿದ್ದಾಳೆ. ನಾನು 'ಇದೆ' ಎಂದಿದ್ದೇನೆ.

ಆಕೆಯನ್ನು ನಾನು ಕ್ಷಮಿಸಿಲ್ಲ. ಎಡಗಾಲಿನ ಆ ಅರ್ಧವನ್ನು ಯಾರು ತಂದುಕೊಡುತ್ತಾರೆ? ಆಕೆಗೆ ಹೇಳಬೇಕೆಂದು ಎರಡು ವರ್ಷದಿಂದ ಒಂದು ಮಾತು ಗಂಟಲಲ್ಲಿ ಇಟ್ಟುಕೊಂಡಿದ್ದೆ, ಸರಿಯಾದ ಹೊತ್ತಿಗೆ ಕಾಯುತ್ತಿದ್ದೆ. ಈಗ ಅಂಗೈಯಲ್ಲಿ ಸಾಕ್ಷಿಯೂ ಇತ್ತು. ತಲೆ ಎತ್ತಿ ಮಹಡಿಯ ಕಡೆ ನೋಡಿ ಜೋರಾಗಿಯೇ ಹೇಳಿದೆ:

"ನಾನ್ ಹೇಳ್ನಿಲ್ವಾ?"

ಬಾಯಿಂದ ಬಂದದ್ದು ಆಕೆಯ ಮಾತು, ಆಕೆಯ ರಾಗದಲ್ಲೇ. ಗೆದ್ದದ್ದನ್ನು ಕೇಳಿಸಿಕೊಳ್ಳಲು ಇರದೆ ಹೋದಳಲ್ಲ ಎಂದು ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಅಳು ಬಂತು. ಹನ್ನೊಂದು ದಿನದ್ದು ಒಟ್ಟಿಗೆ ಬಂತು.

"ಏನಂದ್ರಿ ಅಕ್ಕ?" ಎಂದಳು ಸೊಸೆ ಗಾಬರಿಯಾಗಿ.

"ಏನಿಲ್ಲ. ಕಲ್ಲು ನಂದು, ಇಲ್ಲೇ ಇರಲಿ. ತುಪ್ಪ ನಿಮ್ಮತ್ತೇದು, ತಗೊಂಡೋಗು."

ಅವಳು ಡಬ್ಬಿ ತೆಗೆದುಕೊಂಡು ಹೋದಳು. ಕಲ್ಲುಗಳನ್ನು ಸೋಪು ಹಾಕಿ ತೊಳೆದೆ, ಕೈಯನ್ನೂ ತೊಳೆದೆ. ಸಂಜೆ ದೀಪ ಹಾಕುವಾಗ ನೋಡಿದರೆ ನನ್ನ ಹೆಬ್ಬೆರಳು ಇನ್ನೂ ಮಿಂಚುತ್ತಿತ್ತು.